‘ಬರ್ತೀನಿ’ ಅನ್ನಬಾರದ ಮನೆ

ಯಾರ ಮನೆಯಿಂದ ಹೊರಡುವಾಗಲೂ ನನ್ನ ನಾಲಿಗೆ ಒಂದು ಕ್ಷಣ ತಡವರಿಸುತ್ತದೆ. ಚಹಾ ಕುಡಿದು, ಮಾತಾಡಿ, ಕುಂಕುಮ ಹಚ್ಚಿಸಿಕೊಂಡು ಎದ್ದು ನಿಂತಮೇಲೆ ‘ಬರ್ತೀನಿ’ ಅನ್ನುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾದ ಮಾತಲ್ಲ. ಮರೆತು ‘ಹೋಗ್ತೀನಿ’ ಅಂದರೆ ಅಜ್ಜಿಯಂದಿರು ತಲೆಗೆ ಮೊಟಕುತ್ತಿದ್ದರು. ಆದರೂ ನಾನು ಆ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಒಂದು ಒರಟು ಅಂಗೈ ಬಂದು ಮುಚ್ಚಿದಂತಾಗುತ್ತದೆ. ಆ ಅಂಗೈಗೆ ಹಸಿ ಸೊಪ್ಪು ಅರೆದ ಕಹಿ ವಾಸನೆ.

ಅದು ಹಿರೇವಡ್ಡಟ್ಟಿಯ ಆಯಿಯ ಕೈ. ಆಯಿ ಅಂದರೆ ಅಜ್ಜಿ. ಊರಿನವರೆಲ್ಲ ಹಾಗೇ ಕರೆಯುತ್ತಿದ್ದರು. ಹೊರಗಿನಿಂದ ಬಂದವರು ಬಸ್ಸಿಳಿದು ‘ಕಾಮಣಿ ಆಯಿ ಮನಿ ಎಲ್ಲೈತ್ರಿ?’ ಎಂದು ಕೇಳುತ್ತಿದ್ದರು. ಕಾಮಾಲೆಗೆ ನಮ್ಮಲ್ಲಿ ಕಾಮಣಿ ಅನ್ನುತ್ತಾರೆ. ಆಯಿ ಅದಕ್ಕೆ ಔಷಧ ಕೊಡುತ್ತಿದ್ದಳು. ಅದೊಂದಕ್ಕೇ. ಕೆಮ್ಮು ಅಂತಲೋ ಮೊಣಕಾಲು ಅಂತಲೋ ಯಾರಾದರೂ ಬಂದರೆ ‘ಅದು ನನಗ ಬರಂಗಿಲ್ಲ ತಮ್ಮಾ’ ಎಂದು ಕೈಯಾಡಿಸಿಬಿಡುತ್ತಿದ್ದಳು.

ಎಪ್ಪತ್ತರ ದಶಕದ ನಡುವೆ ನಾನು ಗದಗಿನಿಂದ ಆ ಊರಿನ ಶಾಲೆಗೆ ಶಿಕ್ಷಕಿಯಾಗಿ ಹೋದೆ. ಆಯಿಯ ಮನೆಗೆ ಅಂಟಿಕೊಂಡ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ನಡುವೆ ಒಂದೇ ಗೋಡೆ, ಅದೂ ಹಿತ್ತಲಲ್ಲಿ ಎದೆಮಟ್ಟ. ಬೆಳಗ್ಗೆ ನನಗೆ ಎಚ್ಚರವಾಗುತ್ತಿದ್ದದ್ದು ಆಯಿ ಕಲ್ಲಿನ ಮೇಲೆ ಸೊಪ್ಪು ಅರೆಯುವ ಸದ್ದಿಗೆ. ಎದ್ದು ಬಾಗಿಲು ತೆಗೆದರೆ ಅವಳ ಮನೆಯ ಕಟ್ಟೆಯ ಮೇಲೆ ಆಗಲೇ ಜನ. ಹಳದಿ ಮುಖದವರು, ಅವರನ್ನು ಕರೆತಂದವರು, ಸುಮ್ಮನೆ ಮಾತು ಕೇಳಲು ಬಂದ ನಮ್ಮ ಓಣಿಯವರು.

ಆಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದಳು. ಗಿಡ್ಡ ದೇಹ, ದೊಡ್ಡ ದನಿ, ಹಣೆಯಲ್ಲಿ ಹಚ್ಚೆ. ರೋಗಿಯ ರಟ್ಟೆ ಹಿಡಿದು ಅಂಗಳಕ್ಕೆ ಎಳೆದು, ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗುತ್ತಿದ್ದಳು.

“ಬಿಸಲಿಗೆ ನಿಂದ್ರು. ಮ್ಯಾಲೆ ನೋಡು. ಆಕಾಶದಾಗ ಏನ ಹುಡಕತಿ, ಸುಮ್ನ ನೋಡು.”

ನೋಡಿ ಆದಮೇಲೆ ತೀರ್ಪು. ‘ಸಣ್ಣಂಗ ಹಿಡದೈತಿ’ ಅಂದರೆ ಹೆದರಬೇಕಿಲ್ಲ. ‘ಜೋರ ಐತಿ’ ಅಂದರೆ ಪಥ್ಯ ಕಟ್ಟುನಿಟ್ಟು. ಹೊಟ್ಟೆ ಉಬ್ಬಿಸಿಕೊಂಡವರು, ಮಾತು ತೊದಲುವವರು, ತಿಂಗಳು ತುಂಬಿದ ಬಸುರಿಯರು ಬಂದರೆ ಮಾತ್ರ ಅವಳ ದನಿ ಬೇರೆಯಾಗುತ್ತಿತ್ತು. “ಇದು ನನ್ನ ಕೈಯಾಗಿಂದಲ್ಲ. ಬಸ್ಸಿನ್ನೂ ನಿಂತೈತಿ, ಇದ ಬಸ್ಸಿಗೆ ಗದಗಿನ ದೊಡ್ಡ ದವಾಖಾನಿಗೆ ಹೋಗ್ರಿ. ಜಲ್ದಿ ಏಳ್ರಿ” ಎಂದು ಅಟ್ಟುತ್ತಿದ್ದಳು. ಚಹಾ ಕುಡಿದು ಹೋಗುತ್ತೇವೆ ಅಂದರೂ ಬಿಡುತ್ತಿರಲಿಲ್ಲ.

ಕೈಯಲ್ಲಿ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಗುಣವಾದಮೇಲೆ ಹನುಮಪ್ಪನ ಗುಡಿಯಲ್ಲಿ ಕಾಯಿ ಒಡೆಸಿದರೆ ಮುಗಿಯಿತು. ಆದರೆ ಬೇರೊಂದು ವಸೂಲಿ ಇತ್ತು, ಅದರಲ್ಲಿ ಯಾರಿಗೂ ಮಾಫಿ ಇರಲಿಲ್ಲ. ಅದು ಖಬರು. ಕೊರ್ಲಹಳ್ಳಿಯವರು ಬಂದರೆ ಹೊಳೆಯ ನೀರು ಎಲ್ಲಿಯವರೆಗೆ ಏರಿದೆ ಎಂದು ಹೇಳಬೇಕು. ಲಕ್ಷ್ಮೇಶ್ವರದವರಾದರೆ ಪೇಟೆಯಲ್ಲಿ ಜೋಳ, ಹೆಸರು ಹೇಗಿವೆ ಎಂದು. ಶಿರಹಟ್ಟಿಯವರಾದರೆ ಯಾರ ಮಗಳು ಯಾರ ಮನೆಗೆ ಸೊಸೆಯಾಗಿ ಹೋದಳು, ಹೋದಲ್ಲಿ ಸುಖವಾಗಿದ್ದಾಳೋ ಎಂದು. ತಲೆ ಎತ್ತಲಾಗದೆ ಕಂಬಕ್ಕೆ ಒರಗಿದವನ ಬಾಯಿಯನ್ನೂ ಬಿಡಿಸುತ್ತಿದ್ದಳು. ಮಧ್ಯಾಹ್ನ ನಾನು ಶಾಲೆಯಿಂದ ಬರುವಷ್ಟರಲ್ಲಿ ಎಲ್ಲ ಊರುಗಳ ಸುದ್ದಿ ಹಿತ್ತಲ ಗೋಡೆಯ ಮೇಲೆ ನನಗಾಗಿ ಕಾದಿರುತ್ತಿತ್ತು. ನನ್ನ ರೇಡಿಯೋಕ್ಕೆ ಸೆಲ್ಲು ಹಾಕಿಸುವುದನ್ನೇ ಮರೆತುಬಿಟ್ಟೆ. ಇಷ್ಟೆಲ್ಲ ಊರುಗಳ ಒಳಹೊರಗು ಬಲ್ಲ ಆಯಿ ಮಾತ್ರ ಹತ್ತಿರದ ಮುಂಡರಗಿಯ ಆಚೆಗೆ ಕಾಲಿಟ್ಟವಳಲ್ಲ.

ಇಂಥ ಮಾತುಗಾತಿ ದಿನಕ್ಕೊಮ್ಮೆ ಬಾಯಿ ಕಟ್ಟಿಕೊಳ್ಳಬೇಕಿತ್ತು, ಸೊಪ್ಪು ತರಲು ಹೋಗುವಾಗ. ಹಿಂದಿನ ಸಂಜೆ ಹೋಗಿ ಗಿಡಕ್ಕೆ ಅರಿಶಿನ ಕುಂಕುಮ ಇಟ್ಟು ‘ನಾಳೆ ಬಾ ತಾಯಿ’ ಎಂದು ಕರೆದು ಬರಬೇಕು. ಬೆಳಗ್ಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ, ಯಾರೊಡನೆಯೂ ಮಾತಾಡದೆ ಹೋಗಿ ಕಿತ್ತು ತರಬೇಕು. ಬೇರೆಯವರ ಕಣ್ಣಿಗೆ ಗಿಡ ಬೀಳಬಾರದು. ಬಿದ್ದರೆ ಗುಣ ಹೋಗುತ್ತದೆ. ಅದು ಅವಳ ಅತ್ತೆ ಹಾಕಿಕೊಟ್ಟ ಕಟ್ಟಳೆ. ಸರಿ, ಆಯಿ ಹೊರಟಳೆಂದರೆ ಇಡೀ ಓಣಿ ಕುರುಡಾಗುತ್ತಿತ್ತು. ಕಸ ಗುಡಿಸುವವರು ಗೋಡೆಗೆ ಮುಖ ಮಾಡುತ್ತಿದ್ದರು. ಹಾಲು ಹಿಂಡುವವನು ಎಮ್ಮೆಯ ಆಚೆ ಬದಿಗೆ ಸರಿಯುತ್ತಿದ್ದ. ಬಾವಿಯ ಹೆಂಗಸರು ಹಗ್ಗವನ್ನು ಹಾಗೇ ಹಿಡಿದು ಬಾವಿಯೊಳಗೆ ಇಣುಕುತ್ತಿದ್ದರು.

ಒಮ್ಮೆ ವಸ್ತಿ ಬಸ್ಸಿಗೆ ಹೊಸ ಕಂಡಕ್ಟರ್ ಬಂದಿದ್ದ. ರಾತ್ರಿ ಊರಲ್ಲೇ ತಂಗಿ ಬೆಳಗ್ಗೆ ಹೊರಡುವ ಬಸ್ಸು ಅದು. ಮುದುಕಿಯೊಬ್ಬಳು ಒದ್ದೆ ಸೀರೆಯಲ್ಲಿ ಸರಸರ ಬರುವುದನ್ನು ನೋಡಿ ಪಾಪ, ಬಸ್ಸಿಗೇ ಅವಸರ ಅಂದುಕೊಂಡ. “ಆಯೀ, ಸಾವಕಾಶ ಬರ್ರಿ, ನಿಂದ್ರತೀವಿ!” ಎಂದು ಕೂಗಿಬಿಟ್ಟ. ಆಯಿ ಅಲ್ಲೇ ನಿಂತು, ಅವನನ್ನು ಕಣ್ಣಲ್ಲೇ ಸುಟ್ಟು, ಹಿಂದಿರುಗಿ ಮನೆಗೆ ಬಂದಳು. ಆ ದಿನ ಔಷಧವಿಲ್ಲ. ಕಟ್ಟೆಯ ಮೇಲಿದ್ದವರು ಮರುದಿನದವರೆಗೆ ಕಾಯಬೇಕಾಯಿತು. ಓಣಿಯವರು ಕಂಡಕ್ಟರನನ್ನು ಹಿಡಿದುಕೊಂಡರು. “ಅಲ್ರಿ, ನಾ ಏನ ಮಾಡೀನ್ರಿ? ಕರದ್ರ ತಪ್ಪೇನ್ರಿ?” ಎಂದು ಅವನು ಅಳುವುದೊಂದು ಬಾಕಿ. ಆಮೇಲೆ ಅವನೂ ಪಳಗಿದ. ಆಯಿ ದಾಟುವ ತನಕ ಸೀಟಿ ಊದುತ್ತಿರಲಿಲ್ಲ.

ಇದರಲ್ಲಿ ನಗು ಬರುವ ಸಂಗತಿಯೆಂದರೆ ಆ ಗಿಡ ಯಾವುದೆಂದು ಊರಿಗೆಲ್ಲ ಗೊತ್ತಿತ್ತು. ಗುಡಿಯ ಹಿಂದೆ ಹಳೆಯ ಬಾವಿಯ ಬಚ್ಚಲ ಬದಿಗೆ ಬೆಳೆಯುವ ಮೊಳದುದ್ದದ ಗಿಡ. ಮಳೆಗಾಲದಲ್ಲಿ ಎಲ್ಲರ ಹಿತ್ತಲಲ್ಲೂ ಏಳುತ್ತದೆ, ನನ್ನ ಹಿತ್ತಲಲ್ಲೂ ಎದ್ದಿತ್ತು. ಕಲ್ಲಿನ ಮೇಲೆ ಅರೆದರೆ ವಾಸನೆ ಗೋಡೆ ದಾಟಿ ಬರುತ್ತದಲ್ಲ, ಯಾರಿಗೆ ತಿಳಿಯುವುದಿಲ್ಲ! ಆದರೂ ಯಾರೂ ತಾವೇ ಅರೆದು ಕುಡಿಯುತ್ತಿರಲಿಲ್ಲ. “ಸೊಪ್ಪಿನಾಗ ಏನೈತ್ರಿ ಅಕ್ಕಾರ, ಕೈಗುಣ ಆಯೀದು” ಅನ್ನುತ್ತಿದ್ದರು. ಅಕ್ಕಾರ ಅಂದರೆ ನಾನು, ಟೀಚರು. ಗಿಡದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಊರಿಗೆ ಊರೇ ಬಾಯಿ ಬಿಡದ ಮೇಲೆ ನಾನೊಬ್ಬಳು ಯಾಕೆ ಬಿಡಲಿ?

ಅಲ್ಲಿಗೆ ಹೋದ ಮರುವರ್ಷ ನನಗೂ ಕಾಮಣಿ ಹಿಡಿಯಿತು. ಆಯಿ ನನ್ನನ್ನೂ ಬಿಸಿಲಿಗೆ ನಿಲ್ಲಿಸಿ ರೆಪ್ಪೆ ಜಗ್ಗಿದಳು. ಹಾಲಿನಲ್ಲಿ ಕಲಸಿದ ಹಸಿರು ಮುದ್ದೆಯನ್ನು ಬರಿಹೊಟ್ಟೆಗೆ ಕೊಟ್ಟಳು. ಅದು ಸುಲಭ. ಪಥ್ಯ ಸುಲಭವಿರಲಿಲ್ಲ. ಎಣ್ಣೆಯಿಲ್ಲ, ಖಾರವಿಲ್ಲ, ಮಜ್ಜಿಗೆ ಅನ್ನ ಅಷ್ಟೇ. ರೊಟ್ಟಿ, ಕೆಂಪು ಚಟ್ನಿಯಿಲ್ಲದೆ ನಮ್ಮವರ ಊಟ ಊಟವೇ ಅಲ್ಲ. ಒಂದು ಮಧ್ಯಾಹ್ನ ತಡೆಯಲಾಗದೆ ಚಮಚೆಯಷ್ಟು ಎಣ್ಣೆಗೆ ಸಾಸಿವೆ ಹಾಕಿದೆನೋ ಇಲ್ಲವೋ, ಗೋಡೆಯ ಮೇಲೆ ಆಯಿಯ ತಲೆ ಮೂಡಿತು.

“ಅಕ್ಕಾರ! ಒಗ್ಗರಣಿ ವಾಸನಿ ಬಂತಲ್ರಿ!”

“ಇಲ್ಲ ಆಯಿ, ಎದುರಿಗಿನ ಮನೀದಿರಬೇಕು.”

“ಎದುರಿಗಿನವರು ಹೊಲಕ್ಕ ಹೋಗ್ಯಾರ. ಇಳಸ್ರಿ ಅದನ್ನ. ನನ್ನ ಮೂಗಿಗೇನ ಬ್ಯಾನಿ ಬಂದಿಲ್ಲ.”

ಗುಣವಾಯಿತು. ಸೊಪ್ಪಿನಿಂದಲೋ, ಪಥ್ಯದಿಂದಲೋ, ತಾನಾಗಿಯೋ ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಹಟವೂ ಇಲ್ಲ. ಕೊನೆಯ ದಿನ ಔಷಧ ಕುಡಿದು ಎದ್ದು, ರೂಢಿಯಂತೆ ‘ಬರ್ತೀನಿ ಆಯಿ’ ಎನ್ನಲು ಹೋದೆ. ಆಗಲೇ ಆ ಅಂಗೈ ಬಂದು ಬಾಯಿ ಮುಚ್ಚಿದ್ದು.

“ಈ ಮನ್ಯಾಗ ಆ ಮಾತು ಆಡಬಾರದ್ರಿ! ಬರ್ತೀನಿ ಅಂದ್ರ ಬ್ಯಾನಿ ಬೆನ್ನ ಹತ್ತಿ ಬರತೈತಿ. ಸುಮ್ನ ಎದ್ದು ಹೊಂಟಬಿಡ್ರಿ. ಹೊಳ್ಳಿ ನೋಡಬ್ಯಾಡ್ರಿ.”

ಹಾಗೇ ಮಾಡಿದೆ. ಹೊರಳಿ ನೋಡದೆ ಅವಳ ಬಾಗಿಲಿನಿಂದ ಹೊರಟು ಪಕ್ಕದ ನನ್ನ ಬಾಗಿಲನ್ನು ಹೊಕ್ಕೆ. ನಾನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಹಿತ್ತಲ ಗೋಡೆಯಿಂದ ಕೂಗು ಬಂತು: “ಅಕ್ಕಾರ, ಹೆಪ್ಪಿಗೆ ಒಂದೀಟ ಮಸರ ಐತೇನ್ರಿ?”

ಆಯಿಗೆ ಇದ್ದದ್ದು ಒಂದೇ ಚಿಂತೆ. ಒಂದು ಸಂಜೆ ಜೋಳ ಹಸನು ಮಾಡುತ್ತ ಅದನ್ನು ನನಗೆ ಹೇಳಿದಳು. ಈ ವಿದ್ಯೆ ಅತ್ತೆಯಿಂದ ಸೊಸೆಗೆ ಹೋಗಬೇಕಾದದ್ದು. ಮಗಳಿಗಲ್ಲ, ಸೊಸೆಗೇ. ಕೊಟ್ಟಮೇಲೆ ಕೊಟ್ಟವಳ ಕೈಯಲ್ಲಿ ಗುಣ ಉಳಿಯುವುದಿಲ್ಲ. ಕೊಡದೆ ಸತ್ತರೆ ವಿದ್ಯೆ ಅವಳೊಂದಿಗೇ ಮಣ್ಣಾಗುತ್ತದೆ.

“ನಮ್ಮತ್ತಿ ನನಗ ಕೊಟ್ಟಳಲ್ರಿ, ಆಮ್ಯಾಲೆ ಇದ ಕಟ್ಟಿ ಮ್ಯಾಲೆ ಕುಂಡರತಿದ್ದಳು. ಬಂದವರು ಆಕಿನ್ನ ದಾಟಿ ನನ್ನ ಕಡೆ ಬರತಿದ್ರು. ‘ಆರಾಮಿದ್ದೀಯಾ’ ಅಂತನೂ ಕೇಳತಿರಲಿಲ್ಲ. ಆಕಿ ಹಿಂಗ ಕಾಲು ಹಿಂದಕ್ಕ ತಗೊಂಡು ಹಾದಿ ಬಿಡತಿದ್ದಳು.” ಆಯಿ ತನ್ನ ಕಾಲುಗಳನ್ನು ಮಡಚಿ ಹಿಂದಕ್ಕೆಳೆದು ತೋರಿಸಿದಳು. “ಅದ ನನ್ನ ಕಣ್ಣ ಮುಂದಿಂದ ಹೋಗವಲ್ದು. ಕೊಡಬೇಕು ಅಂತೀನಿ, ಮನಸ ಬರಂಗಿಲ್ಲ. ಜನ ಬರದಿದ್ರ ನಾ ಏನ ಮಾಡ್ಲಿ ಅಕ್ಕಾರ?”

ಮಾತಿಲ್ಲದೆ ಅವಳು ಬದುಕುವುದನ್ನು ನನ್ನಿಂದ ಊಹಿಸುವುದಕ್ಕೂ ಆಗಲಿಲ್ಲ.

ಸೊಸೆ ಕೊರ್ಲಹಳ್ಳಿಯವಳು. ಹೊಳೆದಂಡೆಯ ಹುಡುಗಿ, ಎತ್ತರದ ನಿಲುವು, ಅತ್ತೆ ನೂರು ಮಾತಾಡಿದರೆ ಇವಳದು ಒಂದು. ಬಾವಿಗೆ ಹೋಗುವುದು, ರೊಟ್ಟಿ ಬಡಿಯುವುದು, ಹೊಲಕ್ಕೆ ಬುತ್ತಿ ಒಯ್ಯುವುದು. ಔಷಧದ ಕಲ್ಲಿನ ಹತ್ತಿರ ಕೂಡ ಸುಳಿಯುತ್ತಿರಲಿಲ್ಲ. ಅತ್ತೆ ಅರೆಯಲು ಕೂತರೆ ತಾನೇ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ‘ಇಕಿಗೆ ಇದರಾಗ ಲಕ್ಷ್ಯನ ಇಲ್ಲ’ ಎಂದು ಆಯಿ ಗೊಣಗುತ್ತಿದ್ದಳು. ಅದರಲ್ಲಿ ಬೇಸರ ಎಷ್ಟಿತ್ತೋ ಸಮಾಧಾನವೂ ಅಷ್ಟೇ ಇತ್ತು ಎಂದು ನನಗೆ ಅನ್ನಿಸುತ್ತಿತ್ತು.

ಒಂದು ಬೇಸಿಗೆ ಸೊಸೆ ಬಾಣಂತನಕ್ಕೆ ತವರಿಗೆ ಹೋದಳು. ಆ ಬೇಸಿಗೆಯಲ್ಲಿ ಗಿಡ ಒಣಗಿತು. ಎರೆಮಣ್ಣು ಬಿರಿದು ಕಾಲು ಸಿಕ್ಕುವಷ್ಟು ಬಾಯಿ ತೆರೆಯುವ ನಮ್ಮ ಬೇಸಿಗೆಯಲ್ಲೂ ಬಾವಿಯ ಹಿಂದಿನ ಆ ಜಾಗದಲ್ಲಿ ಪ್ರತಿವರ್ಷ ಹಸಿರಿರುತ್ತಿತ್ತು. ಹನುಮಪ್ಪನ ಕೃಪೆ, ಅತ್ತೆಯ ಆಶೀರ್ವಾದ ಎಂದು ಆಯಿ ಹೇಳುತ್ತಿದ್ದಳು. ಆ ವರ್ಷ ಆಯಿ ಒದ್ದೆ ಸೀರೆಯಲ್ಲಿ ಹೋಗಿ ಬರಿಗೈಯಲ್ಲಿ ಬಂದಳು. ಮರುದಿನವೂ ಹಾಗೇ. ಕಟ್ಟೆಯ ಮೇಲಿದ್ದವರಿಗೆ ಗದಗಿನ ದಾರಿ ತೋರಿಸಿ, ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತಳು. ನಾನು ಹೋಗಿ ನೋಡಿದರೆ ದೇವರ ಮುಂದೆ ಗೋಡೆಗೆ ಒರಗಿದ್ದಳು. ಖಬರು ಕೇಳಲಿಲ್ಲ. ಅವಳು ಏನನ್ನೂ ಕೇಳದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಹೆದರಿಕೆಯಾಯಿತು.

“ನಮ್ಮತ್ತಿ ಸಿಟ್ಟಾಗ್ಯಾಳ” ಅಂದಳು. “ಕೊಡು ಕೊಡು ಅಂತ ಹೇಳಾಕತ್ತಾಳ. ನಾನು ಬಿಗಿಹಿಡಕೊಂಡ ಕುಂತೀನಿ. ಸೊಸಿ ಬರಲಿ, ಕೊಟ್ಟಬಿಡತೀನಿ.”

ಸೊಸೆ ಕೂಸನ್ನು ಎತ್ತಿಕೊಂಡು ಬಂದ ದಿನ, ಬಾವಿಯ ಹತ್ತಿರ ಸಿಕ್ಕಾಗ ನಾನು ಎಲ್ಲವನ್ನೂ ಹೇಳಿದೆ. ಅವಳು ಕೊಡವನ್ನು ಕೆಳಗಿಟ್ಟು ಹಣೆ ಹಣೆ ಬಡಿದುಕೊಂಡಳು.

“ಅಯ್ಯ! ನೀರ ಹಾಕಾಕ ಯಾರಿಗೂ ಹೇಳಿ ಹೋಗಲಿಲ್ಲಲ್ರಿ ನಾನು!”

ಪ್ರತಿ ಬೇಸಿಗೆ, ದಿನಾ ಸಂಜೆ ಬಾವಿಯಿಂದ ಬರುವಾಗ ಒಂದು ಕೊಡ ನೀರನ್ನು ಆ ಗಿಡದ ಬುಡಕ್ಕೆ ಸುರಿದು ಬರುತ್ತಿದ್ದವಳು ಅವಳೇ. ಮದುವೆಯಾಗಿ ಬಂದ ಮೊದಲ ವರ್ಷದಿಂದ. ಅತ್ತೆ ಅರೆಯುವಾಗ ಎದ್ದು ಹೋಗುತ್ತಿದ್ದದ್ದೂ ಬೇಕೆಂದೇ. “ನನಗ ಗೊತ್ತಾಗೇತಿ ಅಂತ ಅವರಿಗೆ ಗೊತ್ತಾದ್ರ ಗುಣ ಹೋತು ಅಂತ ಕುಂಡರತಾರ್ರಿ. ಅದಕ್ಕ ಆ ಕಡೆ ನೋಡತಿರಲಿಲ್ಲ.”

“ಹಂಗಾದ್ರ ಈಗ ಹೇಳಿಬಿಡು. ನೀರಿಲ್ಲದ್ದಕ್ಕ ಒಣಗಿತು ಅಂತ ಹೇಳು. ಮುದುಕಿ ಹೆದರಿ ಕುಂತಾಳ.”

ಅವಳು ಕೆಳಗಿಟ್ಟ ಕೊಡವನ್ನು ಎತ್ತಿಕೊಂಡಳು. “ಬ್ಯಾಡ್ರಿ. ಅವರ ಹನುಮಪ್ಪನ್ನ, ಅವರ ಅತ್ತಿನ್ನ ನಾ ಯಾಕ ಕಸಗೊಳ್ಳಲಿ? ಕೊಡಲಿ, ತಗೋತೀನಿ. ಮುಂದಿಂದು ನೋಡೂಣು.”

ಮೊದಲ ಮಳೆ ಬಿದ್ದು ಬಾವಿಯ ಹಿಂದೆ ಹಸಿರು ಮೂಡಿದಮೇಲೆ ಆಯಿ ಸೊಸೆಯನ್ನು ಕರೆದುಕೊಂಡು ಹೊರಟಳು. ಇಬ್ಬರೂ ಒದ್ದೆ ಸೀರೆಯಲ್ಲಿ, ಒಬ್ಬರ ಹಿಂದೆ ಒಬ್ಬರು. ಓಣಿಯವರು ಆ ದಿನ ಇಬ್ಬರಿಗೂ ಮುಖ ತಿರುಗಿಸಿದರು. ನಾನೂ ಬಾಗಿಲ ಮರೆಗೆ ಸರಿದೆ. ಅಲ್ಲಿ ಏನಾಯಿತೆಂದು ಸೊಸೆ ಆಮೇಲೆ ಹೇಳಿದಳು. ಆಯಿ ಬೆರಳು ಚಾಚಿ ಗಿಡ ತೋರಿಸಿದಳಂತೆ. ಈಕೆ ಕಣ್ಣರಳಿಸಿ, ಬಾಯಿಗೆ ಕೈ ಇಟ್ಟುಕೊಂಡು, ಆ ಗಿಡವನ್ನು ಈಗಲೇ ಕಾಣುವವಳಂತೆ ನಿಂತಳಂತೆ. “ನಾಟಕ ಮಾಡಿದ್ನಿ ಅನ್ನಬ್ಯಾಡ್ರಿ. ಖರೇನ ಮೈ ಜುಮ್ಮ ಅಂತು” ಅಂದಳು. ನಾನು ನಂಬಿದೆ.

ಮರುದಿನ ಶಿರಹಟ್ಟಿಯ ಕಡೆಯಿಂದ ಗಂಡ ಹೆಂಡತಿ ಬಂದರು. ನಾನು ಶಾಲೆಗೆ ಹೊರಟವಳು ನಿಂತೆ. ಆಯಿ ಕಟ್ಟೆಯ ಮೂಲೆಯಲ್ಲಿ ಕೂತಿದ್ದಳು. ಅವರು ಹತ್ತಿರ ಬಂದಂತೆ ಕಾಲುಗಳನ್ನು ಮಡಚಿ ಹಿಂದಕ್ಕೆ ತೆಗೆದುಕೊಂಡಳು. ಅಷ್ಟರಲ್ಲಿ ಸೊಸೆ ಕೂಸನ್ನು ಸೊಂಟಕ್ಕಿಟ್ಟುಕೊಂಡು ಬಾಗಿಲಿಗೆ ಬಂದಳು.

“ಅತ್ತಿ, ಸೊಪ್ಪ ತೋರಿಸಿದ್ರಿ. ಕಣ್ಣ ನೋಡೂದ ಕಲಸಲಿಲ್ಲಲ್ರಿ. ಸಣ್ಣಂಗ ಹಿಡದೈತೋ ಜೋರ ಐತೋ ನನಗೇನ ತಿಳಿತೈತಿ?”

“ಬಾ, ಕಲಸತೀನಿ” ಅಂದಳು ಆಯಿ.

“ಕೂಸಿನ ಗದ್ದಲದಾಗ ಎಲ್ಲಿ ಕಲಿಲ್ರಿ? ನೀವ ನೋಡಿ ಹೇಳ್ರಿ, ನಾ ಅರದು ಕೊಡತೀನಿ.”

ಆಯಿ ಕಾಲು ಕೆಳಗೆ ಇಳಿಬಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಶಿರಹಟ್ಟಿಯವನ ರಟ್ಟೆ ಹಿಡಿದಳು. “ಬಿಸಲಿಗೆ ನಿಂದ್ರು. ಶಿರಹಟ್ಟ್ಯಾಗ ಯಾವ ಓಣಿ ನಿಮ್ಮದು?”

ಕಣ್ಣು ನೋಡುವ ಪಾಠ ಆಮೇಲೆ ಮುಗಿಯಲೇ ಇಲ್ಲ. ಕೂಸು ದೊಡ್ಡದಾಗಿ ನನ್ನ ಶಾಲೆಗೇ ಬಂತು, ಸೊಸೆಗೆ ಇನ್ನೂ ‘ತಿಳಿಯುತ್ತಿರಲಿಲ್ಲ’. ‘ಶಾಣ್ಯಾಕಿ ಅದಾಳ, ಖರೆ ಕಣ್ಣಿನ ವಿಷಯದಾಗ ತಲಿ ಓಡಂಗಿಲ್ಲ’ ಎಂದು ಆಯಿ ಗೋಡೆಯ ಮೇಲಿಂದ ಸಂತೋಷವಾಗಿ ದೂರುತ್ತಿದ್ದಳು. ಆಯಿ ರೆಪ್ಪೆ ಜಗ್ಗುವಾಗ ಸೊಸೆ ಹಿಂದೆ ನಿಂತು ತಾನೂ ಒಂದು ನೋಟ ಹಾಕಿ ಒಳಗೆ ಹೋಗುತ್ತಿದ್ದದ್ದನ್ನು ನಾನು ಗಮನಿಸಿದ್ದೆ. ಒಮ್ಮೊಮ್ಮೆ ಆಯಿ ‘ಸಣ್ಣಂಗ ಐತಿ’ ಅಂದಮೇಲೂ, ‘ಅತ್ತಿ, ಇವರು ದೂರದಿಂದ ಬಂದಾರ, ಒಮ್ಮಿ ಗದಗಿನ ದವಾಖಾನ್ಯಾಗೂ ತೋರಿಸಲಿ ಬಿಡ್ರಿ’ ಅನ್ನುತ್ತಿದ್ದಳು. ಆಯಿ ಬೇಡವೆನ್ನುತ್ತಿರಲಿಲ್ಲ. ಯಾಕೆಂದು ನನಗೆ ತಿಳಿದದ್ದು ಊರು ಬಿಡುವ ದಿನ.

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಬೆಟಗೇರಿಗೆ ವರ್ಗವಾಯಿತು. ಸಾಮಾನು ಗಾಡಿಗೆ ಏರಿಸಿ, ಆಯಿಗೆ ಹೇಳಿ ಹೋಗಲೆಂದು ಅವಳ ಅಂಗಳಕ್ಕೆ ಹೋದೆ. ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಎದುರಿಗೆ ಹೋಗಿ ನಿಂತೆ. ಆ ಮನೆಯಲ್ಲಿ ಆ ಮಾತು ಆಡಬಾರದು. ಹೊರಡುವಾಗ ಆಡಲು ಬೇರೆ ಮಾತು ನಮ್ಮಲ್ಲಿಲ್ಲ. ಸುಮ್ಮನೆ ನಿಂತೇ ಇದ್ದೆ.

ಆಯಿ ತಲೆಯೆತ್ತಿದಳು. ಕೈ ಚಾಚಿ ನನ್ನ ರಟ್ಟೆ ತಡವಿ ಹಿಡಿದು, ಎದ್ದು, ಬಿಸಿಲಿಗೆ ಎಳೆದಳು. ಹೆಬ್ಬೆರಳಿನಿಂದ ರೆಪ್ಪೆ ಜಗ್ಗಿ ಬಹಳ ಹೊತ್ತು ನೋಡಿದಳು. ಅವಳ ಎರಡೂ ಕಣ್ಣಿನಲ್ಲಿ ಹಾಲಿನಂಥ ಪೊರೆ ಕಟ್ಟಿತ್ತು.

“ಇಳಮುಖ ಆಗೈತಿ ತಂಗಿ, ಅಂಜಬ್ಯಾಡ” ಅಂದಳು. “ಯಾವೂರಾಯ್ತು ನಿಮ್ಮದು?”

“ಆಯಿ, ನಾನ್ರಿ. ಅಕ್ಕಾರು.”

ಅವಳ ಕೈ ನನ್ನ ಕೆನ್ನೆಯ ಮೇಲೆ ಹಾಗೇ ನಿಂತಿತು. ಆಮೇಲೆ ಸಣ್ಣ ಹುಡುಗಿಯಂತೆ ನಾಲಿಗೆ ಕಚ್ಚಿಕೊಂಡು, ದನಿ ತಗ್ಗಿಸಿದಳು.

“ಭಾಳ ದಿನಾತ್ರಿ, ಮಂಜ ಮಂಜ ಕಾಣತೈತಿ. ದನಿ ಕೇಳಿ, ಅನ್ನ ಸೇರತೈತೋ ಇಲ್ಲೋ ಕೇಳಿ ಅಂದಾಜ ಹೇಳತೀನಿ. ಅನುಮಾನ ಬಂದ್ರ ಗದಗಕ್ಕ ಅಟ್ಟತೀನಿ. ನನ್ನ ಸೊಸಿಗೆ ಹೇಳಬ್ಯಾಡ್ರಿ ಅಕ್ಕಾರ. ಪಾಪ, ನನ್ನ ಕಣ್ಣ ನಂಬಿಕೊಂಡು ಔಷಧ ಕೊಡತಾಳ. ಗೊತ್ತಾದ್ರ ಆಕಿ ಧೈರ್ಯ ಹೋಕ್ಕೈತಿ.”

ನಾನು ಅವಳ ಭುಜದ ಆಚೆ ನೋಡಿದೆ. ಸೊಸೆ ಬಾಗಿಲಲ್ಲೇ ನಿಂತಿದ್ದಳು, ಎಲ್ಲವೂ ಕೇಳಿಸಿತ್ತು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು.

“ಹೇಳಂಗಿಲ್ಲ ಆಯಿ” ಅಂದೆ.

“ಮತ್ತ ಸುಮ್ನ ಯಾಕ ನಿಂತೀರಿ? ನೀವೇನ ಇವತ್ತ ಔಷಧಕ್ಕ ಬಂದವರಲ್ಲ. ಬರ್ತೀನಿ ಅನ್ರಿ.”

“ಬರ್ತೀನಿ ಆಯಿ.” ಆ ಮನೆಯಲ್ಲಿ ಆ ಮಾತು ಆಡಿದ್ದು ಅದೇ ಮೊದಲು. ನನಗೆ ಅಳುವೂ ಬಂತು, ನಗುವೂ ಬಂತು.

ಗಾಡಿ ಓಣಿಯ ತಿರುವಿಗೆ ಬಂದಾಗ ಬಸ್ಸಿಳಿದ ಯಾರೋ ಇಬ್ಬರು ದಾರಿ ಕೇಳಿಕೊಂಡು ಆ ಕಟ್ಟೆಯ ಕಡೆಗೆ ನಡೆದರು. ಹಿಂದಿನಿಂದ ಸೊಸೆಯ ದನಿ ಕೇಳಿಸಿತು. ಒಂದೇ ಮಾತಾಡುವ ಆ ಹುಡುಗಿ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

“ಅತ್ತೀ, ಲಕ್ಷ್ಮೇಶ್ವರದವರು ಬಂದಾರ! ಕಣ್ಣ ನೋಡಬರ್ರಿ, ನನಗ ತಿಳಿಯಂಗಿಲ್ಲ!”